ಡಾರ್ವಿನ್ ಸಾಕಿದ ಪಾರಿವಾಳಗಳು

1859ರ ಮೇ ತಿಂಗಳಲ್ಲಿ ಲಂಡನ್ನಿನ ಪ್ರಕಾಶಕ ಜಾನ್ ಮರ್ರಿ ಒಂದು ಹಸ್ತಪ್ರತಿಯನ್ನು ವಿಟ್‌ವೆಲ್ ಎಲ್ವಿನ್ ಎಂಬ ಪಾದ್ರಿಯಿಂದ ಓದಿಸಿದ. ಎಲ್ವಿನ್ 'ಕ್ವಾರ್ಟರ್ಲಿ ರಿವ್ಯೂ' ಪತ್ರಿಕೆಯ ಸಂಪಾದಕ. ಪುಸ್ತಕದ ಬೆಲೆ ಕಟ್ಟುವುದರಲ್ಲಿ ಪಳಗಿದವನು. ಓದಿ ಮುಗಿಸಿ ಆತ ಬರೆದ ಅಭಿಪ್ರಾಯ ಹೀಗಿತ್ತು: ಇಷ್ಟು ದೊಡ್ಡ ಸಿದ್ಧಾಂತವನ್ನು ಹೊರುವಷ್ಟು ಪುರಾವೆ ಇಲ್ಲಿಲ್ಲ. ಆದರೆ ಪಾರಿವಾಳಗಳ ವಿಷಯ ಚೆನ್ನಾಗಿದೆ. ಲೇಖಕರು ಸದ್ಯಕ್ಕೆ ಅದೊಂದನ್ನೇ ಪುಸ್ತಕ ಮಾಡಲಿ. ಪಾರಿವಾಳ ಎಂದರೆ ಯಾರಿಗೆ ಇಷ್ಟವಿಲ್ಲ, ಎಲ್ಲ ಪತ್ರಿಕೆಗಳಲ್ಲೂ ವಿಮರ್ಶೆ ಬರುತ್ತದೆ, ಮನೆಮನೆಗೂ ಹೋಗುತ್ತದೆ. ಚಾರ್ಲ್ಸ್ ಡಾರ್ವಿನ್ ಈ ಸಲಹೆಯನ್ನು ನಯವಾಗಿ ಪಕ್ಕಕ್ಕಿಟ್ಟ. ಆ ವರ್ಷ ನವೆಂಬರ್ 24ರಂದು 'ಆನ್ ದಿ ಆರಿಜಿನ್ ಆಫ್ ಸ್ಪೀಷೀಸ್' 1,250 ಪ್ರತಿಗಳಲ್ಲಿ ಹೊರಬಂತು.

ಎಲ್ವಿನ್‌ನನ್ನು ನೋಡಿ ನಗುವವರು ಬಹಳ. ನನಗೆ ಆತ ಅಷ್ಟೇನೂ ದಡ್ಡನಂತೆ ಕಾಣುವುದಿಲ್ಲ. ಡಾರ್ವಿನ್ ಎಂದರೆ ಗಲಾಪಗೋಸ್ ದ್ವೀಪಗಳ ಫಿಂಚ್ ಹಕ್ಕಿ ಎಂದು ನಮ್ಮ ಶಾಲಾ ಪುಸ್ತಕಗಳು ಕಲಿಸಿವೆ. ಆದರೆ ಆ ಫಿಂಚ್‌ಗಳ ಕೊಕ್ಕಿನ ಕಥೆ 'ಆರಿಜಿನ್'ನಲ್ಲಿ ಇಲ್ಲವೇ ಇಲ್ಲ. ಮೊದಲ ಅಧ್ಯಾಯ ತೆರೆದರೆ ಎದುರಾಗುವುದು ಪಾರಿವಾಳ. ಪುಟದ ಮೇಲೆ ಪುಟ ಪಾರಿವಾಳ. ಪುಸ್ತಕದ ಬುನಾದಿ ಎಲ್ಲಿದೆ ಎಂಬುದನ್ನು ಪಾದ್ರಿ ಸರಿಯಾಗಿಯೇ ಹಿಡಿದಿದ್ದ. ಅದರ ಮೇಲೆ ಎಷ್ಟು ಅಂತಸ್ತು ಕಟ್ಟಬಹುದು ಎಂಬುದಷ್ಟೇ ಅವನಿಗೆ ಹೊಳೆಯಲಿಲ್ಲ.

ಅಷ್ಟಕ್ಕೂ ಪಾರಿವಾಳವೇ ಏಕೆ? ಇಪ್ಪತ್ತರ ಹರೆಯದಲ್ಲಿ ಬೀಗಲ್ ಹಡಗಿನಲ್ಲಿ ಲೋಕ ಸುತ್ತಿದ್ದ ಡಾರ್ವಿನ್ ದಕ್ಷಿಣ ಅಮೆರಿಕದ ಪುಂಟಾ ಆಲ್ಟಾ ಕಡಲತಡಿಯಲ್ಲಿ ದೈತ್ಯ ಪ್ರಾಣಿಗಳ ಎಲುಬುಗಳನ್ನು ತಾನೇ ಅಗೆದು ತೆಗೆದಿದ್ದ. ಆನೆ ಗಾತ್ರದ ನೆಲವಾಸಿ ಸ್ಲಾತ್‌ಗಳು, ಚಿಪ್ಪಿನ ಕವಚ ತೊಟ್ಟ ಮೃಗಗಳು ಒಂದು ಕಾಲದಲ್ಲಿ ಅಲ್ಲಿ ಓಡಾಡಿಕೊಂಡಿದ್ದವು. ಈಗಲೂ ಸ್ಲಾತ್, ಚಿಪ್ಪಿನ ಆರ್ಮಡಿಲ್ಲೊ ಇರುವುದು ಅದೇ ಖಂಡದಲ್ಲಿ. ಸತ್ತವಕ್ಕೂ ಬದುಕಿರುವವಕ್ಕೂ ನೆಂಟಸ್ತಿಕೆ ಇರಬೇಕೆಂಬ ಗುಮಾನಿ ಆಗಲೇ ಹತ್ತಿತ್ತು. ಆದರೆ ಗುಮಾನಿ ಸಾಕ್ಷಿಯಾಗಬೇಕಾದರೆ ಒಂದು ರೂಪದಿಂದ ಇನ್ನೊಂದಕ್ಕೆ ಮೆಟ್ಟಿಲು ಮೆಟ್ಟಿಲಾಗಿ ಸಾಗಿದ ಪಳೆಯುಳಿಕೆಗಳ ಸಾಲು ಬೇಕು. ಅಂಥದ್ದು ಆಗ ಯಾರ ಬಳಿಯೂ ಇರಲಿಲ್ಲ. 'ಆರಿಜಿನ್'ನಲ್ಲಿ ಡಾರ್ವಿನ್ ಭೂಗರ್ಭದ ದಾಖಲೆ ಎಷ್ಟು ಹರಿದುಹೋಗಿದೆ ಎಂದು ವಿವರಿಸಲಿಕ್ಕೇ ಒಂದು ಇಡೀ ಅಧ್ಯಾಯ ಮೀಸಲಿಟ್ಟ. ವಕೀಲನೊಬ್ಬ ತನ್ನ ಮುಖ್ಯ ಸಾಕ್ಷಿ ಏಕೆ ಕೋರ್ಟಿಗೆ ಬಂದಿಲ್ಲ ಎಂದು ಸಮಜಾಯಿಷಿ ಕೊಟ್ಟ ಹಾಗೆ ಆ ಅಧ್ಯಾಯ ಓದಿಸಿಕೊಳ್ಳುತ್ತದೆ. ಕಲ್ಲಿನಲ್ಲಿ ಸಿಗದ ಬದಲಾವಣೆಯನ್ನು ಕಣ್ಣೆದುರಿಗೆ ತೋರಿಸಬೇಕಿತ್ತು. ಹಾಗೆ ತೋರಿಸಬಹುದಾದ ಜಾಗ ಒಂದೇ: ಮನುಷ್ಯ ಪ್ರಾಣಿ ಸಾಕುವ ಕೊಟ್ಟಿಗೆ, ಗೂಡು, ಹಿತ್ತಿಲು.

1854ರವರೆಗೆ ಎಂಟು ವರ್ಷ ಬಾರ್ನಕಲ್ ಎಂಬ ಕಡಲ ಜೀವಿಗಳನ್ನು ಸೀಳಿ ನೋಡುತ್ತಾ ಕೂತಿದ್ದ ಡಾರ್ವಿನ್, 1855ರ ವಸಂತದಲ್ಲಿ ಕೆಂಟ್ ಪ್ರಾಂತ್ಯದ ಡೌನ್ ಹಳ್ಳಿಯ ತನ್ನ ಮನೆಯಂಗಳದಲ್ಲಿ ಪಾರಿವಾಳದ ಗೂಡು ಕಟ್ಟಿಸಿದ. ಸಲಹೆ ಹಿರಿಯ ಪಕ್ಷಿತಜ್ಞ ವಿಲಿಯಂ ಯಾರೆಲ್‌ನದು. ಮೊದಲು ಬಂದವು ಫ್ಯಾನ್‌ಟೇಲ್ ಮತ್ತು ಪೌಟರ್ ಜೋಡಿಗಳು. ಫ್ಯಾನ್‌ಟೇಲ್ ಎಂದರೆ ನಮ್ಮವರು ಲಕ್ಕಾ ಎನ್ನುವ, ನವಿಲಿನಂತೆ ಬಾಲ ಬಿಚ್ಚುವ ತಳಿ. ಪೌಟರ್ ಅನ್ನನಾಳವನ್ನು ಗಾಳಿಯಿಂದ ಊದಿಸಿಕೊಂಡು ಎದೆಯುಬ್ಬಿಸಿ ನಿಲ್ಲುವಂಥದ್ದು. ಬೇಸರದ ಕೆಲಸ ಎಂದುಕೊಂಡು ಶುರುಮಾಡಿದವನಿಗೆ ಹುಚ್ಚು ಹಿಡಿಯಲು ಹೆಚ್ಚು ದಿನ ಬೇಕಾಗಲಿಲ್ಲ. ಇಂಗ್ಲೆಂಡಿನಲ್ಲಿ ಕೊಳ್ಳಲು ಸಿಗುವ ಒಂದೊಂದು ತಳಿಯನ್ನೂ ತರಿಸಿದ. ಕೋಳಿ ಪಾರಿವಾಳಗಳ ವಿಷಯದಲ್ಲಿ ಪಂಡಿತನಾಗಿದ್ದ ಪತ್ರಕರ್ತ ವಿಲಿಯಂ ಟೆಗೆಟ್‌ಮಯರ್ ಅವನಿಗೆ ಬಲಗೈಯಾದ.

ಆ ಕಾಲದ ಲಂಡನ್ನಿನಲ್ಲಿ ಪಾರಿವಾಳ ಸಾಕುವವರದ್ದೇ ಒಂದು ಲೋಕ. ನೇಕಾರರು, ಸಣ್ಣ ಅಂಗಡಿಯವರು, ಕೂಲಿಕಾರರು, ಜೊತೆಗೆ ಒಂದಿಷ್ಟು ಸಿರಿವಂತರು. ಡಾರ್ವಿನ್ ಅವರ ಎರಡು ಕ್ಲಬ್ಬುಗಳ ಸದಸ್ಯನಾದ. ದಕ್ಷಿಣ ಲಂಡನ್ನಿನ ಬರೋ ಬಡಾವಣೆಯ ಸಾರಾಯಿ ಅಂಗಡಿಯಲ್ಲಿ ಒಂದು ಸಂಜೆ ಅವರ ನಡುವೆ ಕೂತು ಮಾತು ಕೇಳಿದ. ಕೇಂಬ್ರಿಜ್‌ನಲ್ಲಿ ಓದಿದ, ರಾಯಲ್ ಸೊಸೈಟಿಯ ಪದಕ ಪಡೆದ ಜಮೀನುದಾರ ಅಲ್ಲಿ ಶಿಷ್ಯನಂತೆ ಕೂತದ್ದು ವರ್ಗಭೇದವೇ ಉಸಿರಾಗಿದ್ದ ಆ ಸಮಾಜದಲ್ಲಿ ಸಣ್ಣ ಮಾತಲ್ಲ. ಸಾಮಾನ್ಯನ ಕಣ್ಣಿಗೆ ಕಾಣದ ವ್ಯತ್ಯಾಸ ಆ ಸಾಕುವವರ ಕಣ್ಣಿಗೆ ಬೀಳುತ್ತಿತ್ತು: ಒಂದು ಗರಿ ಹೆಚ್ಚು, ಕೊಕ್ಕು ಎಳ್ಳಷ್ಟು ಗಿಡ್ಡ, ಕಣ್ಣಿನ ಸುತ್ತ ಚರ್ಮ ಸ್ವಲ್ಪ ದಪ್ಪ. ಸರ್ ಜಾನ್ ಸೀಬ್ರೈಟ್ ಎಂಬ ಹಳೆಯ ತಳಿಗಾರ, ಬೇಕಾದ ಗರಿಯನ್ನು ಮೂರು ವರ್ಷದಲ್ಲಿ ತರುತ್ತೇನೆ, ತಲೆ ಕೊಕ್ಕುಗಳಿಗೆ ಆರು ವರ್ಷ ಬೇಕು ಎನ್ನುತ್ತಿದ್ದನಂತೆ.

ಡಾರ್ವಿನ್‌ಗೆ ಬೇಕಾಗಿದ್ದದ್ದು ಆ ಎಳ್ಳಷ್ಟು ವ್ಯತ್ಯಾಸವೇ. ಫ್ಯಾನ್‌ಟೇಲ್ ಮಾಡುತ್ತೇನೆ ಎಂದು ಹೊರಟವನು ಯಾರೂ ಇದ್ದಿರಲಾರ. ಎಂದೋ ಯಾರೋ ಒಬ್ಬನ ಗೂಡಿನಲ್ಲಿ ಒಂದು ಹಕ್ಕಿಯ ಬಾಲ ತುಸು ಅಗಲವಾಗಿತ್ತು. ಅವನಿಗೆ ಅದು ಚೆಂದ ಕಂಡು ಅದರ ಮರಿಗಳನ್ನು ಉಳಿಸಿಕೊಂಡ. ಅವನ ಮಕ್ಕಳೂ ಮೊಮ್ಮಕ್ಕಳೂ ಹಾಗೇ ಮಾಡಿದರು. ಪಾರಿವಾಳಕ್ಕೆ ಬಾಲದ ಗರಿ ಇರಬೇಕಾದದ್ದು ಹನ್ನೆರಡೋ ಹದಿನಾಲ್ಕೋ. ಫ್ಯಾನ್‌ಟೇಲ್‌ಗೆ ಮೂವತ್ತು, ಕೆಲವಕ್ಕೆ ನಲವತ್ತು. ಉದ್ದೇಶವಿಲ್ಲದೆ, ನಕ್ಷೆಯಿಲ್ಲದೆ, ಬರೀ ಮೆಚ್ಚುಗೆಯ ಬಲದಿಂದ ಹಕ್ಕಿಯ ಅಂಗರಚನೆಯೇ ಬದಲಾಗಿತ್ತು. ಕೆಲವು ಗಿಡ್ಡಮುಖದ ಟಂಬ್ಲರ್ ತಳಿಗಳಲ್ಲಂತೂ ಕೊಕ್ಕು ಎಷ್ಟು ಕಿರಿದಾಗಿತ್ತೆಂದರೆ ಮರಿಗೆ ಮೊಟ್ಟೆಯೊಡೆದು ಹೊರಬರಲು ಆಗುತ್ತಿರಲಿಲ್ಲ. ಸಾಕಿದವರೇ ಚಿಪ್ಪು ಬಿಡಿಸಿಕೊಡಬೇಕಿತ್ತು. ಕಾಡಿನಲ್ಲಿ ಚಿಪ್ಪು ಬಿಡಿಸಿಕೊಡುವವರು ಯಾರೂ ಇಲ್ಲ. ಅಲ್ಲಿ ಆರಿಸುವುದು ಹಸಿವು, ಚಳಿ, ಗಿಡುಗ.

ಇಲ್ಲೊಂದು ತೊಡಕಿತ್ತು. ಈ ತಳಿಗಳೆಲ್ಲ ಒಂದೇ ಮೂಲದವು ಎಂದರೆ ಮಾತ್ರ ವಾದ ನಿಲ್ಲುತ್ತದೆ. ಕ್ಯಾರಿಯರ್‌ಗೆ ಒಂದು ಕಾಡುಪೂರ್ವಜ, ಪೌಟರ್‌ಗೆ ಇನ್ನೊಂದು ಎಂದಾದರೆ ಬದಲಾವಣೆಯ ಕಥೆಯೇ ಬಿದ್ದುಹೋಗುತ್ತದೆ. ವಿಚಿತ್ರವೆಂದರೆ ಆಯ್ಕೆಯ ಶಕ್ತಿಯನ್ನು ದಿನಾ ಬಳಸುತ್ತಿದ್ದ ಸಾಕುವವರೇ ಅದನ್ನು ನಂಬುತ್ತಿರಲಿಲ್ಲ. ತಾನು ಮಾತಾಡಿಸಿದವರಲ್ಲಿ ಒಬ್ಬನೂ ಮುಖ್ಯ ತಳಿಗಳು ಒಂದೇ ಹಕ್ಕಿಯಿಂದ ಬಂದವು ಎಂದು ಒಪ್ಪಲಿಲ್ಲ ಎಂದು ಡಾರ್ವಿನ್ ಬರೆದಿದ್ದಾನೆ. ಅವರನ್ನು ದೂರುವಂತಿಲ್ಲ. ಇಪ್ಪತ್ತು ಬಗೆಯ ಪಾರಿವಾಳಗಳನ್ನು ಕಾಡುಹಕ್ಕಿಗಳೆಂದು ಹೇಳಿ ಪಕ್ಷಿತಜ್ಞನ ಮುಂದಿಟ್ಟರೆ ಆತ ಪ್ರತಿಯೊಂದನ್ನೂ ಬೇರೆ ಬೇರೆ ಪ್ರಭೇದವೆಂದೇ ಬರೆದುಕೊಳ್ಳುತ್ತಿದ್ದ.

ಈ ಹಟಕ್ಕೆ ಉತ್ತರ ಹುಡುಕಲು ಡಾರ್ವಿನ್ ಮಾಡಿದ ಕೆಲಸ ಓದುವವರಿಗೆ ಅಷ್ಟು ಹಿತವಲ್ಲ. ಮುದ್ದಿನಿಂದ ಸಾಕಿದ ಹಕ್ಕಿಗಳನ್ನು ಕೊಂದು, ಕುದಿಸಿ, ಮಾಂಸ ಬಿಡಿಸಿ ಎಲುಬು ಅಳೆದ. ಮೊಟ್ಟೆಯೊಡೆದು ಹನ್ನೆರಡು ಗಂಟೆಯೂ ಕಳೆಯದ ಮರಿಗಳನ್ನು ಅಕ್ಕಪಕ್ಕ ಇಟ್ಟು ನೋಡಿದ. ಬೆಳೆದಾಗ ಗುರುತೇ ಸಿಗದಷ್ಟು ಬೇರೆಯಾಗುವ ತಳಿಗಳು ಮರಿಗಳಾಗಿದ್ದಾಗ ಬಹುಪಾಲು ಒಂದೇ ಅಳತೆಯಲ್ಲಿದ್ದವು. ಗಿಡ್ಡಮುಖದ ಟಂಬ್ಲರ್ ಒಂದೇ ಹೊರತು. ಭ್ರೂಣಗಳು ಹೋಲುವುದಕ್ಕೆ ಒಂದೇ ಮೂಲ ಕಾರಣ ಎಂಬ ವಾದಕ್ಕೆ ಇದು ಕೈಗೆ ಸಿಕ್ಕ ಉದಾಹರಣೆ.

ಆಮೇಲೆ ತಳಿಸಂಕರ. ಅಚ್ಚ ಬಿಳಿಯ ಫ್ಯಾನ್‌ಟೇಲ್‌ಗಳನ್ನು ಅಚ್ಚ ಕಪ್ಪಿನ ಬಾರ್ಬ್‌ಗಳೊಂದಿಗೆ ಕೂಡಿಸಿದ. ಹುಟ್ಟಿದವು ಕಂದು ಕಪ್ಪು ಮಚ್ಚೆಯ ಹಕ್ಕಿಗಳು, ಹೇಳಿಕೊಳ್ಳುವಂಥದ್ದೇನಲ್ಲ. ಅವುಗಳನ್ನೇ ಒಂದಕ್ಕೊಂದು ಕೂಡಿಸಿದ. ಮೂರನೆಯ ತಲೆಮಾರಿನಲ್ಲಿ ಒಂದು ಮರಿ ಗರಿ ಬಲಿಯುತ್ತಾ ಬಂದಂತೆ ನೀಲಿಗಟ್ಟಿತು. ಮೈಯೆಲ್ಲ ಸ್ಲೇಟು ನೀಲಿ, ಸೊಂಟದ ಮೇಲೆ ಬಿಳಿ, ರೆಕ್ಕೆಯ ಮೇಲೆ ಎರಡು ಕಪ್ಪು ಪಟ್ಟಿ, ಬಾಲದ ತುದಿಗೆ ಒಂದು ಪಟ್ಟಿ, ಅಂಚಿನ ಗರಿಗಳಿಗೆ ಬಿಳಿಯ ಗೆರೆ. ಅಜ್ಜ ಅಜ್ಜಿಯರಲ್ಲಿ ಯಾರಿಗೂ ಇಲ್ಲದ ಬಣ್ಣ ಅದು. ಯುರೋಪಿನ ಬಂಡೆಗಳಲ್ಲಿ ಗೂಡು ಕಟ್ಟುವ ಕಾಡು ಪಾರಿವಾಳದ ಬಣ್ಣ, ಗೆರೆ ತಪ್ಪದಂತೆ. ಬಿಳಿ ಕಪ್ಪುಗಳ ಒಳಗೆ ಅಡಗಿ ಕೂತಿದ್ದ ಮುತ್ತಜ್ಜ ಎದ್ದು ಬಂದಿದ್ದ. ಜೊತೆಗೆ ಬೇರೆ ವಾದಗಳೂ ಇದ್ದವು. ಯಾವ ತಳಿಯನ್ನು ಯಾವುದರ ಜೊತೆ ಕೂಡಿಸಿದರೂ ಮರಿಗಳು ಬಂಜೆಯಾಗುವುದಿಲ್ಲ. ಮೂಲ ಪ್ರಭೇದಗಳು ಏಳೆಂಟು ಇದ್ದವೆನ್ನುವುದಾದರೆ ಅವು ಈಗ ಕಾಡಿನಲ್ಲಿ ಎಲ್ಲಿ ಹೋದವು?

ಇಂಗ್ಲೆಂಡಿನ ತಳಿಗಳಷ್ಟೇ ಸಾಲವು ಎಂದು 1855ರ ಕೊನೆಯಲ್ಲಿ ಡಾರ್ವಿನ್ ಲೋಕದ ಮೂಲೆಮೂಲೆಗೆ ಪತ್ರ ಬರೆದ: ನಿಮ್ಮ ಕಡೆಯ ನಾಟಿ ಕೋಳಿ, ಬಾತು, ಪಾರಿವಾಳಗಳ ಚರ್ಮ ಕಳಿಸಿ. ಮಲಯ ದ್ವೀಪಗಳಲ್ಲಿ ಹಕ್ಕಿ ಹಿಡಿದು ಮಾರಿ ಬದುಕುತ್ತಿದ್ದ ಆಲ್ಫ್ರೆಡ್ ರಸೆಲ್ ವಾಲೇಸ್ ಅವನಿಗೆಂದು ಲೊಂಬೋಕ್ ದ್ವೀಪದಿಂದ ಒಂದು ಸಾಕು ಬಾತು ಕಳಿಸಿದ. ಕಲ್ಕತ್ತೆಯ ಏಷ್ಯಾಟಿಕ್ ಸೊಸೈಟಿಯ ಮ್ಯೂಸಿಯಂ ನೋಡಿಕೊಳ್ಳುತ್ತಿದ್ದ ಎಡ್ವರ್ಡ್ ಬ್ಲೈತ್ ಉದ್ದುದ್ದ ಪತ್ರಗಳಲ್ಲಿ ಭಾರತದ ದನ, ಕೋಳಿ, ಪಾರಿವಾಳಗಳ ವಿವರ ತುಂಬಿಸಿದ. ಮದರಾಸಿನಿಂದ ಬಂದ ಪೊಟ್ಟಣ ವಾಲ್ಟರ್ ಎಲಿಯಟ್‌ನದು.

ಈ ಎಲಿಯಟ್ ಕನ್ನಡನಾಡಿಗೆ ಹೊಸಬನಲ್ಲ. 1824ರ ಅಕ್ಟೋಬರ್ 23ರಂದು ಧಾರವಾಡದ ಕಲೆಕ್ಟರ್ ಥ್ಯಾಕರೆ ಕಿತ್ತೂರಿನ ಕೋಟೆಯ ಮುಂದೆ ಹತನಾದಾಗ ರಾಣಿ ಚೆನ್ನಮ್ಮನ ಕಡೆಯವರ ಕೈಗೆ ಸೆರೆಸಿಕ್ಕ ಇಬ್ಬರು ಇಂಗ್ಲಿಷ್ ಅಧಿಕಾರಿಗಳಲ್ಲಿ ಒಬ್ಬ ಸ್ಟೀವನ್ಸನ್, ಇನ್ನೊಬ್ಬ ಇಪ್ಪತ್ತೊಂದರ ಹರೆಯದ ಇದೇ ಎಲಿಯಟ್. ಒಂದು ತಿಂಗಳಿಗೂ ಹೆಚ್ಚು ಕಾಲ ಕೋಟೆಯಲ್ಲಿದ್ದು, ಕೂದಲು ಕೊಂಕದೆ ಹೊರಬಂದ. ಆಮೇಲೂ 1833ರವರೆಗೆ ಧಾರವಾಡದ ಸೀಮೆಯಲ್ಲೇ ಇದ್ದ. ಶಾಸನಗಳ ಬೆನ್ನು ಹತ್ತಿ 595 ಪ್ರತಿಗಳನ್ನು ಕೂಡಿಹಾಕಿದ. ಚಾಲುಕ್ಯರ ಇತಿಹಾಸ ಬರೆದವರೆಲ್ಲ ಅವನ ಹೆಸರು ಬಲ್ಲರು. ಕಾಡುಮೇಡು ಸುತ್ತಿ ಆ ಸೀಮೆಯ ಸಸ್ತನಿಗಳ ಪಟ್ಟಿ ಮಾಡಿ, ಕನ್ನಡದಲ್ಲಿ ಯಾವುದಕ್ಕೆ ಏನೆನ್ನುತ್ತಾರೆ ಎಂಬುದನ್ನೂ ಸೇರಿಸಿ 1839ರಲ್ಲಿ ಮದರಾಸಿನ ಪತ್ರಿಕೆಯೊಂದರಲ್ಲಿ ಅಚ್ಚು ಹಾಕಿಸಿದ. ಇಂಥವನಿಗೆ ಡಾರ್ವಿನ್ ಬರೆದದ್ದು ಆಕಸ್ಮಿಕವಲ್ಲ. 1856ರಲ್ಲಿ ಎಲಿಯಟ್ ಭಾರತ ಮತ್ತು ಬರ್ಮಾದ ಸಾಕುಹಕ್ಕಿಗಳ ಚರ್ಮಗಳನ್ನು ಕಳಿಸಿಕೊಟ್ಟ. ಅದಕ್ಕಿಂತ ಅಪರೂಪದ ಒಂದು ಉಡುಗೊರೆಯೂ ಅವನಿಂದ ಬಂತು: 1770ರಲ್ಲಿ ತೀರಿಕೊಂಡ ಸೈಯದ್ ಮೊಹಮ್ಮದ್ ಮುಸಾರಿ ಎಂಬಾತ ಪಾರಿವಾಳಗಳ ಬಗ್ಗೆ ಬರೆದಿದ್ದ ಗ್ರಂಥದ ಅನುವಾದ. ಅಕ್ಬರನ ಆಸ್ಥಾನದಲ್ಲಿ 20,000 ಪಾರಿವಾಳಗಳಿದ್ದವೆಂಬ 'ಐನ್-ಎ-ಅಕ್ಬರಿ'ಯ ಮಾತನ್ನೂ ಡಾರ್ವಿನ್ ಬಳಸಿಕೊಂಡ.

ನಮ್ಮ ಕಡೆಯ ಲೋಟನ್ ಪಾರಿವಾಳ ಅವನನ್ನು ಬೆರಗುಗೊಳಿಸಿತು. ಅದನ್ನು ಮೆಲ್ಲಗೆ ಅಲುಗಿಸಿ ನೆಲಕ್ಕೆ ಬಿಟ್ಟರೆ ತಲೆಕೆಳಗಾಗಿ ಪಲ್ಟಿ ಹೊಡೆಯುತ್ತಲೇ ಇರುತ್ತದೆ. ಎತ್ತಿಕೊಂಡು, ಮುಖಕ್ಕೆ ಗಾಳಿ ಊದಿ ಸಮಾಧಾನ ಮಾಡುವವರೆಗೂ ನಿಲ್ಲದು. ಗಾಳಿಯಲ್ಲಿ ಪಲ್ಟಿ ಹೊಡೆಯುವ ಇಂಗ್ಲಿಷ್ ಟಂಬ್ಲರ್ ಮತ್ತು ನೆಲದಲ್ಲಿ ಉರುಳುವ ಈ ಲೋಟನ್ ಎರಡೂ ಒಂದೇ ಚಾಳಿಯ ಬೇರೆ ಬೇರೆ ಹಂತಗಳೆಂದು ಅವನಿಗೆ ಕಂಡಿತು. ರೂಪವಷ್ಟೇ ಅಲ್ಲ, ನಡತೆಯೂ ತಲೆಮಾರಿನಿಂದ ತಲೆಮಾರಿಗೆ ಇಳಿಯುತ್ತದೆ, ಆರಿಸಿದರೆ ಬೆಳೆಯುತ್ತದೆ.

ಪಾರಿವಾಳಗಳು ಚರಿತ್ರೆಯ ದಿಕ್ಕು ಬದಲಿಸಿದ ಗಳಿಗೆ 1856ರ ಏಪ್ರಿಲ್‌ನದು. ಭೂವಿಜ್ಞಾನಿ ಚಾರ್ಲ್ಸ್ ಲೈಯಲ್ ಡೌನ್ ಮನೆಗೆ ಬಂದು ಕೆಲವು ದಿನ ಉಳಿದ. ಹದಿನೆಂಟು ವರ್ಷದಿಂದ ಹತ್ತಿರದವರೊಂದಿಬ್ಬರಿಗೆ ಬಿಟ್ಟರೆ ಬಾಯಿ ಬಿಡದಿದ್ದ ಡಾರ್ವಿನ್ ಈ ಹಕ್ಕಿಗಳನ್ನು ಮುಂದಿಟ್ಟುಕೊಂಡು ತನ್ನ ಸಿದ್ಧಾಂತವನ್ನು ಲೈಯಲ್‌ಗೆ ಬಿಡಿಸಿ ಹೇಳಿದ. ಲೈಯಲ್ ಒಪ್ಪಲಿಲ್ಲ. ಆದರೆ ಬೆದರಿದ, ಯೋಚಿಸಿದ. ವಾಲೇಸ್ ಆಗಲೇ ಪ್ರಕಟಿಸಿದ್ದ ಲೇಖನವೊಂದು ಅವನ ತಲೆಯಲ್ಲಿತ್ತು. ತಡ ಮಾಡಿದರೆ ಬೇರೆಯವರು ಮುಂದೆ ಹೋಗುತ್ತಾರೆ, ಬೇಗ ಬರೆದು ಹಾಕು ಎಂದ. ಮೇ ತಿಂಗಳಲ್ಲಿ ಡಾರ್ವಿನ್ ಬರೆಯಲು ಕೂತ.

ಲೈಯಲ್ ಹೆದರಿದ್ದೇ ಆಯಿತು. 1858ರ ಜೂನ್‌ನಲ್ಲಿ ವಾಲೇಸ್‌ನ ಪ್ರಬಂಧ ಅಂಚೆಯಲ್ಲಿ ಬಂತು, ಸಿದ್ಧಾಂತ ಅದೇ. ಜುಲೈ 1ರಂದು ಲಿನಿಯನ್ ಸೊಸೈಟಿಯಲ್ಲಿ ಇಬ್ಬರ ಬರಹಗಳನ್ನೂ ಒಟ್ಟಿಗೆ ಓದಿದರು. ವಾಲೇಸ್ ದೂರದ ದ್ವೀಪದಲ್ಲಿದ್ದ, ಡಾರ್ವಿನ್ ಮೂರು ದಿನದ ಹಿಂದೆ ತೀರಿಕೊಂಡ ಕೂಸಿನ ದುಃಖದಲ್ಲಿದ್ದ. ಅಂದು ಓದಿದ ಬರಹಗಳು ಒಂದು ಕಡೆ ಮಾತ್ರ ಒಂದಕ್ಕೊಂದು ಬೆನ್ನು ತಿರುಗಿಸುತ್ತವೆ, ಅದೂ ಪಾರಿವಾಳದ ಗೂಡಿನ ಹತ್ತಿರವೇ. ಸಾಕುಪ್ರಾಣಿಗಳು ಅಸಹಜ ಜೀವಿಗಳು, ಕಾಡಿಗೆ ಬಿಟ್ಟರೆ ಸಾಯುತ್ತವೆ ಅಥವಾ ಹಳೆಯ ರೂಪಕ್ಕೆ ಮರಳುತ್ತವೆ, ಅವನ್ನು ನೋಡಿ ಕಾಡಿನ ಬಗ್ಗೆ ತೀರ್ಮಾನಿಸಬಾರದು ಎಂದು ವಾಲೇಸ್ ವಾದಿಸಿದ್ದ. ಡಾರ್ವಿನ್‌ನ ವಾದ ಶುರುವಾಗುವುದೇ ಸಾಕುಪ್ರಾಣಿಯಿಂದ.

ಇತಿಹಾಸಕಾರರಲ್ಲಿ ಈ ಬಗ್ಗೆ ಜಗಳ ಇನ್ನೂ ಇದೆ. ತಳಿಗಾರರ ಆಯ್ಕೆಯನ್ನು ನೋಡಿಯೇ ನಿಸರ್ಗದ ಆಯ್ಕೆ ಹೊಳೆಯಿತು ಎಂದು ಡಾರ್ವಿನ್ ಮುಂದೆ ಹೇಳಿಕೊಂಡ. ಆದರೆ 1838ರ ಅವನ ಟಿಪ್ಪಣಿ ಪುಸ್ತಕಗಳನ್ನು ಓದಿದ ಕೆಲವರ ಪ್ರಕಾರ ಆ ಸೆಪ್ಟೆಂಬರ್‌ನಲ್ಲಿ ಜನಸಂಖ್ಯೆಯ ಬಗ್ಗೆ ಮಾಲ್ಥಸ್ ಬರೆದ ಪ್ರಬಂಧ ಓದಿದಾಗ ಮುಖ್ಯ ವಿಚಾರ ಬಂದಿತ್ತು, ತಳಿಗಾರನ ಹೋಲಿಕೆ ಆಮೇಲೆ ಸೇರಿಕೊಂಡ ಅಲಂಕಾರ. ಇನ್ನೊಂದು ವಿವಾದ ಕಲ್ಕತ್ತೆಯ ಬ್ಲೈತ್‌ನದು. 1835ರಷ್ಟು ಹಿಂದೆಯೇ ಆಯ್ಕೆಯ ಬಗ್ಗೆ ಬರೆದಿದ್ದ ಅವನಿಂದ ಡಾರ್ವಿನ್ ಕದ್ದ ಎಂದು 1959ರಲ್ಲಿ ಲೊರೆನ್ ಐಸ್ಲಿ ಆರೋಪಿಸಿದ. ಹೆಚ್ಚಿನ ವಿದ್ವಾಂಸರು ಇದನ್ನು ಒಪ್ಪುವುದಿಲ್ಲ: ಬ್ಲೈತ್‌ನ ಆಯ್ಕೆ ಪ್ರಭೇದವನ್ನು ಇದ್ದ ಹಾಗೇ ಕಾಯುವಂಥದ್ದು, ಹೊಸದನ್ನು ತರುವಂಥದ್ದಲ್ಲ. ನನಗೂ ಹಾಗೇ ಅನ್ನಿಸುತ್ತದೆ. ಹೋಲಿಕೆ ಮೊದಲು ಬಂತೋ ಆಮೇಲೆ ಬಂತೋ, ಗೂಡಿನಿಂದ ಎದ್ದ ನೀಲಿ ಹಕ್ಕಿಯಷ್ಟು ನಂಬಿಕೆ ಹುಟ್ಟಿಸುವ ಸಾಕ್ಷಿ ಮಾಲ್ಥಸ್‌ನಲ್ಲಿ ಇರಲಿಲ್ಲ.

ಕೋರ್ಟಿಗೆ ಬಾರದಿದ್ದ ಸಾಕ್ಷಿ ಮಾತ್ರ 'ಆರಿಜಿನ್' ಬಂದ ಎರಡೇ ವರ್ಷಕ್ಕೆ ಬಂದು ನಿಂತಿತು. 1861ರಲ್ಲಿ ಬವೇರಿಯದ ಸೋಲ್ನ್‌ಹೋಫೆನ್ ಕಲ್ಲುಗಣಿಯಲ್ಲಿ, ಅಚ್ಚುಕಲ್ಲಿಗೆಂದು ಸೀಳುವ ನುಣುಪಾದ ಸುಣ್ಣಗಲ್ಲಿನ ಪದರದೊಳಗೆ ಮೊದಲು ಒಂದು ಗರಿ, ಆಮೇಲೆ ಒಂದು ಇಡೀ ಅಸ್ಥಿಪಂಜರ ಸಿಕ್ಕಿತು. ಹಕ್ಕಿಯ ಗರಿ, ಹಲ್ಲಿಯಂಥ ಉದ್ದ ಎಲುಬಿನ ಬಾಲ, ರೆಕ್ಕೆಯಲ್ಲಿ ಉಗುರುಳ್ಳ ಬೆರಳು. ಅದೇ ಆರ್ಕಿಯಾಪ್ಟೆರಿಕ್ಸ್. ಚಿಕಿತ್ಸೆಗೆ ಬಂದವರಿಂದ ಪಳೆಯುಳಿಕೆ ಕೂಡಿಸುತ್ತಿದ್ದ ವೈದ್ಯ ಹೇಬರ್ಲೈನ್ ತನ್ನ ಸಂಗ್ರಹದ ಜೊತೆ ಅದನ್ನು 700 ಪೌಂಡಿಗೆ ಬ್ರಿಟಿಷ್ ಮ್ಯೂಸಿಯಂಗೆ ಮಾರಿದ. ಕೊಂಡವನು ಡಾರ್ವಿನ್‌ನ ಕಡುವಿರೋಧಿ ರಿಚರ್ಡ್ ಓವೆನ್. ಅದು ಬರೀ ಹಕ್ಕಿಯೇ ಎಂದು ಸಾಧಿಸಲು ನೋಡಿದ. 1863ರ ಜನವರಿಯಲ್ಲಿ ಡಾರ್ವಿನ್‌ಗೆ ಆ ವಿಚಿತ್ರ ಜೀವಿಯ ಬಗ್ಗೆ ಸಂಭ್ರಮದಿಂದ ಬರೆದವನು ಹ್ಯೂ ಫಾಲ್ಕನರ್, ಹಿಂದೆ ಸಹರಾನ್‌ಪುರದಲ್ಲಿದ್ದು ಶಿವಾಲಿಕ್ ಬೆಟ್ಟಗಳ ಪಳೆಯುಳಿಕೆಗಳನ್ನು ಅಗೆದವನು.

ಪಾರಿವಾಳದ ಇಡೀ ಕಥೆ ಹೊರಬಂದದ್ದು 1868ರಲ್ಲಿ, ಸಾಕುಪ್ರಾಣಿ ಮತ್ತು ಬೆಳೆಗಳ ಮಾರ್ಪಾಡಿನ ಬಗ್ಗೆ ಬರೆದ ಎರಡು ಸಂಪುಟಗಳಲ್ಲಿ. ಎಲಿಯಟ್‌ಗೆ ಅಲ್ಲಿ ಕೃತಜ್ಞತೆ ಸಂದಿದೆ. ಗುಣಗಳು ತಲೆಮಾರಿಗೆ ಇಳಿಯುವುದು ಹೇಗೆ ಎಂದು ವಿವರಿಸಲು ಹೋದಲ್ಲಿ ಮಾತ್ರ ಆ ಪುಸ್ತಕ ಸೋತಿತು. ಎರಡು ವರ್ಷ ಹಿಂದೆಯೇ ಬ್ರನ್‌ನಲ್ಲಿ ಮೆಂಡೆಲ್ ಅಚ್ಚು ಹಾಕಿಸಿದ್ದ ಬಟಾಣಿಯ ಲೆಕ್ಕ ಡಾರ್ವಿನ್‌ಗೆ ತಲುಪಲೇ ಇಲ್ಲ. ಮೆಂಡೆಲ್ ಓದಿದವರಿಗೆ ಮೂರನೆಯ ತಲೆಮಾರಿನ ಆ ನೀಲಿ ಮರಿಯ ಗುಟ್ಟು ಹೊಸದೇನಲ್ಲ. ಎಲುಬು ಚರ್ಮಗಳನ್ನು ಡಾರ್ವಿನ್ ಬ್ರಿಟಿಷ್ ಮ್ಯೂಸಿಯಂಗೆ ಕೊಟ್ಟುಬಿಟ್ಟ. ಇವತ್ತು ಅವು ಲಂಡನ್ ಬಳಿಯ ಟ್ರಿಂಗ್‌ನ ಸಂಗ್ರಹಾಲಯದಲ್ಲಿವೆ.

2013ರಲ್ಲಿ ಯೂಟಾ ವಿಶ್ವವಿದ್ಯಾಲಯದ ಮೈಕೆಲ್ ಶಪಿರೋ ಮತ್ತು ಸಂಗಡಿಗರು ಹತ್ತಾರು ತಳಿಗಳ ಪಾರಿವಾಳಗಳ ಜೀನೋಮ್ ಓದಿದರು. ಎಲ್ಲವೂ ಬಂಡೆ ಪಾರಿವಾಳದ ಸಂತಾನ. ತಲೆಯ ಮೇಲೆ ಜುಟ್ಟಿನಂತೆ ಗರಿ ಹಿಂದುಮುಂದಾಗಿ ನಿಲ್ಲುವುದಕ್ಕೆ ಕಾರಣ ಒಂದೇ ಜೀನಿನ ಬದಲಾವಣೆ ಎಂದೂ, ಜುಟ್ಟಿರುವ ಬೇರೆ ಬೇರೆ ತಳಿಗಳಲ್ಲಿ ಅದೇ ಬದಲಾವಣೆ ಇದೆಯೆಂದೂ ತೋರಿಸಿದರು. ಲಂಡನ್ನಿನ ಸಾರಾಯಿ ಅಂಗಡಿಯ ವಾದ ಅಲ್ಲಿಗೆ ತೀರ್ಮಾನವಾಯಿತು.

ಕೋಳಿಯ ವಿಷಯದಲ್ಲಿ ತೀರ್ಪು ಅಷ್ಟು ಸಲೀಸಾಗಿಲ್ಲ. ಬ್ಲೈತ್‌ನ ಮಾಹಿತಿಯನ್ನು ನೆಚ್ಚಿ ಡಾರ್ವಿನ್ ನಾಟಿ ಕೋಳಿಗಳೆಲ್ಲ ಕೆಂಪು ಕಾಡುಕೋಳಿಯಿಂದ ಬಂದವು ಎಂದ. ದಕ್ಷಿಣ ಭಾರತದ ಬೂದು ಕಾಡುಕೋಳಿಯನ್ನು ಪೂರ್ವಜರ ಸಾಲಿನಿಂದ ಹೊರಗಿಟ್ಟ. 2020ರಲ್ಲಿ 863 ಜೀನೋಮ್‌ಗಳನ್ನು ಹೋಲಿಸಿದ ಅಧ್ಯಯನವೂ ಮುಖ್ಯ ಮೂಲ ಕೆಂಪು ಕಾಡುಕೋಳಿಯೇ ಎಂದಿದೆ. ಆದರೆ 2008ರಲ್ಲಿ ಸ್ವೀಡನ್ನಿನ ಉಪ್ಸಾಲಾದ ವಿಜ್ಞಾನಿಗಳು ಸಾಕು ಕೋಳಿಗಳ ಹಳದಿ ಚರ್ಮದ ಬೆನ್ನು ಹತ್ತಿದಾಗ ಆ ಜೀನು ಕೆಂಪಿನಲ್ಲಿ ಸಿಗಲಿಲ್ಲ, ಬೂದಿನಲ್ಲಿ ಸಿಕ್ಕಿತು. ಎಂದೋ ಒಂದು ಕಾಲದಲ್ಲಿ ನಮ್ಮ ಪಶ್ಚಿಮಘಟ್ಟದ ಅಂಚಿನಲ್ಲೋ, ದಕ್ಷಿಣದ ಇನ್ನಾವುದೋ ಊರಿನ ಹಿತ್ತಿಲಿನಲ್ಲೋ ಸಾಕಿದ ಕೋಳಿ ಕಾಡಿನದರೊಂದಿಗೆ ಕೂಡಿತ್ತು. ಅದರ ಹಳದಿ ಕಾಲು ಈಗ ಲೋಕದ ಎಷ್ಟೋ ಫಾರಂಗಳಲ್ಲಿ ಓಡಾಡುತ್ತಿದೆ.